ಗುಡ್ಡದ ಲೈನು, ಹನ್ನೊಂದನೇ ಮಹಡಿಯ ನೆಂಟರು

ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ನಮ್ಮ ಇಡೀ ಸೆಕ್ಟರಿಗೆ ಕರೆಂಟು ಇರಲಿಲ್ಲ. ಕರೆಂಟು ತೆಗೆಸಿದವಳು ನನ್ನ ಮಗಳೇ.

ಇದನ್ನು ಹೇಳುವಾಗ ನನಗೆ ನಗು ತಡೆಯುವುದಿಲ್ಲ. ಹೆಂಡತಿ ವಿನೋದಾ ಎದುರಿಗಿದ್ದರೆ ಮಾತ್ರ ಹೇಗೋ ತಡೆದುಕೊಳ್ಳುತ್ತೇನೆ. ನಾನು ಲೋಕನಾಥ. ಡೊಂಬಿವಲಿಯ ಹೋಟೆಲೊಂದರ ಕೌಂಟರಿನಲ್ಲಿ ಕುಳಿತು ಆಯುಷ್ಯ ಕಳೆದವನು. ಯಾವ ಗಿರಾಕಿ ಚಹಾ ಕುಡಿದು ಎದ್ದು ಹೋಗುತ್ತಾನೆ, ಯಾವನು ಒಂದು ಕಟಿಂಗ್, ಅಂದರೆ ಅರ್ಧ ಕಪ್ ಚಹಾ, ಹೇಳಿ ಇಡೀ ಪೇಪರು ಓದಿ ಮುಗಿಸುತ್ತಾನೆ ಎಂದು ಬಾಗಿಲಲ್ಲೇ ಹೇಳಬಲ್ಲೆ. ಹೆಂಡತಿ ಮುಂದಿನ ಗಳಿಗೆಯಲ್ಲಿ ಏನು ಮಾಡುತ್ತಾಳೆ ಎಂದು ಮಾತ್ರ ಇವತ್ತಿಗೂ ಹೇಳಲಾರೆ. ಈಗ ನಮ್ಮ ವಾಸ ಘಣಸೋಲಿಯ ಹನ್ನೊಂದನೇ ಮಹಡಿಯಲ್ಲಿ. ಹಾಲ್‌ನ ಕಿಟಕಿಯಿಂದ ಖಾಡಿ, ಅಂದರೆ ಸಮುದ್ರದ ಹಿನ್ನೀರು, ಕಾಣುತ್ತದೆ, ಅಡುಗೆಮನೆಯ ಪಕ್ಕದ ಬಾಲ್ಕನಿಯಿಂದ ಗುಡ್ಡ. ಖಾಡಿಗೆ ಬರುವ ಫ್ಲೆಮಿಂಗೊ ಹಕ್ಕಿಗಳನ್ನು ನೋಡಲೆಂದು ನಿವೃತ್ತಿಯಾದ ಮೇಲೆ ಒಂದು ದುರ್ಬೀನು ಕೊಂಡಿದ್ದೆ. “ಹಕ್ಕಿ ನೋಡ್ಲಿಕ್ಕೆ ದುರ್ಬೀನು ಉಂಟು, ಮಗಳಿಗೆ ಒಂದು ಹುಡುಗನನ್ನು ನೋಡ್ಲಿಕ್ಕೆ ಕಣ್ಣಿಲ್ಲ” ಎಂದು ವಿನೋದಾ ಬೈಯದ ದಿನವಿರಲಿಲ್ಲ.

ಮಗಳು ಶ್ರದ್ಧಾ ಕರೆಂಟಿನ ಕಂಪನಿಯೊಂದರಲ್ಲಿ ಇಂಜಿನಿಯರ್. ಹುಟ್ಟಿದ್ದು, ಬೆಳೆದದ್ದು, ಓದಿದ್ದು ಎಲ್ಲ ಈ ಕಡೆಯೇ. ನಾವು ಗಂಡ ಹೆಂಡತಿ ಮನೆಯಲ್ಲಿ ತುಳು ಮಾತಾಡುತ್ತೇವೆ, ಇಲ್ಲಿ ಎಲ್ಲರಿಗೂ ತಿಳಿಯಲೆಂದು ಕನ್ನಡ ಮಾಡಿ ಬರೆಯುತ್ತಿದ್ದೇನೆ. ಶ್ರದ್ಧಾಳಿಗೆ ತುಳುವೂ ತಿಳಿಯುತ್ತದೆ, ಕನ್ನಡವೂ ತಿಳಿಯುತ್ತದೆ, ಆದರೆ ಉತ್ತರ ಕೊಡುವುದು ಮರಾಠಿಯಲ್ಲೇ. ಸ್ವರ ಮಾತ್ರ ಅಚ್ಚು ತಾಯಿಯದು. ಫೋನಿನಲ್ಲಿ ಮಗಳೆಂದು ಮುದ್ದು ಮಾಡಲು ಹೋಗಿ ಹೆಂಡತಿಯಿಂದ ಬೈಸಿಕೊಂಡಿದ್ದೇನೆ, ಹೆಂಡತಿಯೆಂದು ಹೆದರಿ ತೊದಲಿ ಮಗಳನ್ನು ನಗಿಸಿದ್ದೇನೆ.

ನಮ್ಮ ಸೆಕ್ಟರಿಗೆ ಕರೆಂಟು ಬರುವುದು ಆ ಗುಡ್ಡದ ಮೇಲಿನಿಂದ ಹಾದು ಬರುವ ಲೈನಿನಲ್ಲಿ. ಕಳೆದ ಬೇಸಿಗೆಯಲ್ಲಿ ಬಿಸಿಗಾಳಿ ಬೀಸಿದಾಗ, ಜೋತುಬಿದ್ದಿದ್ದ ಎರಡು ತಂತಿಗಳು ಒಂದಕ್ಕೊಂದು ಬಡಿದು ಕಿಡಿ ಉದುರಿತು. ಕೆಳಗೆ ಮೊಣಕಾಲೆತ್ತರದ ಒಣಹುಲ್ಲು. ಗುಡ್ಡಕ್ಕೆ ಗುಡ್ಡವೇ ಹೊತ್ತಿ ಉರಿಯಿತು. ನಮ್ಮ ಬಾಲ್ಕನಿಯಲ್ಲಿ ಒಣಗಿಸಿದ್ದ ಹಲಸಿನ ಹಪ್ಪಳದ ಮೇಲೆಲ್ಲ ಬೂದಿ ಕುಳಿತು, ವಿನೋದಾ ಕಂಪನಿಯ ಏಳು ತಲೆಮಾರನ್ನು ಜಾಲಾಡಿದಳು. ಆದರೆ ಗುಡ್ಡದ ಬುಡದಲ್ಲಿ ಶೀಟು ಹೊದೆಸಿದ ಮನೆಗಳಿದ್ದವು. ಕಟ್ಟಡದ ಕೆಲಸಕ್ಕೆ ಬಂದ ರಾಯಚೂರು ಕಡೆಯವರು ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು, ಪಾತ್ರೆ ಪಗಡ ಬಿಟ್ಟು ರಸ್ತೆಗೆ ಓಡಿ ಬಂದದ್ದನ್ನು ಶ್ರದ್ಧಾ ಕಣ್ಣಾರೆ ಕಂಡಳು. ಆ ದಿನ ಅವಳು ಊಟ ಮಾಡಲಿಲ್ಲ.

ಈ ವರ್ಷ ಆ ಲೈನು ಅವಳ ಕೈಗೆ ಬಂತು. ಬಂದದ್ದೇ ತಡ, ತಂತಿ ಬಿಗಿಯಬೇಕು, ಗಾಳಿಗೆ ಒಂದಕ್ಕೊಂದು ತಾಗದಂತೆ ನಡುವೆ ಸ್ಪೇಸರ್ ಎಂಬ ಕಡ್ಡಿ ಹಾಕಬೇಕು, ಕೆಳಗಿನ ಹುಲ್ಲು ಕತ್ತರಿಸಬೇಕು ಎಂದು ಸಾಹೇಬರುಗಳ ತಲೆ ತಿಂದಳು. ಕಾರ್ಖಾನೆಗಳಿಗೆ ರಜೆಯಿರುವ ಭಾನುವಾರ ಮಾತ್ರ ಲೈನು ಬಂದ್ ಮಾಡಲು ಒಪ್ಪಿಗೆ ಸಿಕ್ಕಿತು. ಹವಾಮಾನದವರು ನೋಡಿದರೆ ಅದೇ ಭಾನುವಾರ ಸಂಜೆಯಿಂದ ಬಿಸಿಗಾಳಿ ಎಂದರು. ನಮ್ಮ ಭಟ್ಟರು ಪಂಚಾಂಗ ನೋಡಿ, ಹೆಣ್ಣು ನೋಡಲು ಅದೇ ಭಾನುವಾರದಂಥ ದಿನ ಇನ್ನೊಂದಿಲ್ಲ ಎಂದರು.

“ತೀನ್‌ಲಾ ಸಂಪ್ತಂ, ಚಾರ್‌ಲಾ ಸಾಡಿ ನೇಸೂನ್ ಬಸ್ತೇ, ಆಯಿ” ಎಂದು ಹೇಳಿ ಶ್ರದ್ಧಾ ಬೆಳಿಗ್ಗೆ ಹೆಲ್ಮೆಟ್ ಹಿಡಿದು ಹೊರಟಳು. ಮೂರಕ್ಕೆ ಕೆಲಸ ಮುಗಿಯುತ್ತದೆ, ನಾಲ್ಕಕ್ಕೆ ಸೀರೆ ಉಟ್ಟು ಕುಳಿತುಕೊಳ್ಳುತ್ತೇನೆ ಎಂದು ಅದರ ಅರ್ಥ. ವಿನೋದಾ ದೇವರಿಗೆ ದೀಪ ಹಚ್ಚಿದಳು.

ಹಚ್ಚುವುದಕ್ಕೆ ಕಾರಣವಿತ್ತು. ಹಿಂದೆ ಬಂದ ಸಂಬಂಧಗಳೆಲ್ಲ “ಹುಡುಗಿ ಕಂಬದ ಕೆಲಸಕ್ಕೆ ಹೋಗ್ತಾಳಂತೆ” ಎಂಬ ಒಂದೇ ಮಾತಿಗೆ ಮುರಿದುಬಿದ್ದಿದ್ದವು. ಈ ಸಲದ ಹುಡುಗ ವಿಕಾಸ್ ಠಾಣೆಯ ಕಾಲೇಜಿನಲ್ಲಿ ಪಾಠ ಹೇಳುವವನು. ತಂದೆ ದಯಾನಂದರಿಗೆ ಡೊಂಬಿವಲಿಯಲ್ಲಿ ಸ್ವಂತ ಹೋಟೆಲು. ಒಳ್ಳೆಯ ಜನ, ನಮ್ಮ ಕಡೆಯವರೇ. ಇದೂ ತಪ್ಪಿಹೋದರೆ ಮಗಳಿಗೆ ಇನ್ನು ಮದುವೆಯೇ ಇಲ್ಲ ಎಂದು ವಿನೋದಾ ನಿಶ್ಚಯ ಮಾಡಿಬಿಟ್ಟಿದ್ದಳು. ಅದಕ್ಕೇ ಸಂಬಂಧ ತಂದ ಲೋಲಾಕ್ಷಿಯ ಬಾಯಿಂದ ಹೇಳಿಸಿದ್ದಳು: ಹುಡುಗಿಗೆ ಎಸಿ ಆಫೀಸು, ಕೂತಲ್ಲೇ ಕೆಲಸ, ಬಿಸಿಲೇ ಕಂಡಿಲ್ಲ.

ಮೂರು ದಾಟಿತು. ಕರೆಂಟು ಬರಲಿಲ್ಲ. ಶ್ರದ್ಧಾಳ ಫೋನು ಬಂತು. ಕೊನೆಯ ಕಂಬದ ಮೇಲೆ ತಂತಿಯನ್ನು ಹೊರುವ ಪಿಂಗಾಣಿ ಬಿರುಕು ಬಿಟ್ಟಿರುವುದು ಈಗ ಕಂಡಿದೆಯಂತೆ. ಹಾಗೇ ಬಿಟ್ಟರೆ ಇವತ್ತಿನ ಗಾಳಿಗೇ ತಂತಿ ಕಳಚಿ ಹುಲ್ಲಿನ ಮೇಲೆ ಬೀಳುತ್ತದೆ. ಬೇರೆ ಪಿಂಗಾಣಿ ತರಲು ಗೋದಾಮಿಗೆ ಜನ ಹೋಗಿದ್ದಾರೆ, ಸ್ವಲ್ಪ ತಡವಾಗುತ್ತದೆ.

“ಸ್ವಲ್ಪ ಅಂದ್ರೆ ಎಷ್ಟು?” ವಿನೋದಾ ಕಿರುಚಿದಳು. ಫೋನು ಆಗಲೇ ಕಟ್ ಆಗಿತ್ತು.

ನಾನು ಸೊಸೈಟಿಯ ಸೆಕ್ರೆಟರಿ ಹಿತೇಶ್‌ಗೆ ಫೋನು ಮಾಡಿ ಲಿಫ್ಟಿಗಾದರೂ ಜನರೇಟರ್ ಹಾಕಪ್ಪ ಎಂದೆ. “ಬ್ಯಾಟರಿ ಡೆಡ್ ಹೈ ಅಂಕಲ್” ಎಂದ. “ಆಜ್‌ಕಲ್ ಲೈಟ್ ಜಾತೀ ಹೀ ನಹೀ ನಾ, ಕೌನ್ ದೇಖೇಗಾ?” ಕರೆಂಟು ಹೋಗುವುದೇ ಇಲ್ಲವಲ್ಲ ಎಂದು ಜನರೇಟರನ್ನು ಯಾರೂ ತಿರುಗಿಯೂ ನೋಡಿರಲಿಲ್ಲ. ಅದೂ ನನ್ನ ಮಗಳದೇ ತಪ್ಪು ಅನ್ನಬೇಕು, ಈಚೆಗೆ ಕೆಲಸ ಅಷ್ಟು ಚೆನ್ನಾಗಿ ಮಾಡಿದ್ದಳು.

ನೆಂಟರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ನಾನು ಒಂದು ಪ್ಲಾಸ್ಟಿಕ್ ಕುರ್ಚಿ ಹಿಡಿದುಕೊಂಡು ಕೆಳಗೆ ಓಡಿದೆ. ಹುಡುಗನ ತಾಯಿ ಜಯಲತಾ ರೇಷ್ಮೆ ಸೀರೆಯಲ್ಲಿ ಲಿಫ್ಟಿನ ಮುಂದೆ ನಿಂತು, ಆರಿಹೋಗಿದ್ದ ಬಟನ್ನನ್ನು ದಿಟ್ಟಿಸುತ್ತಿದ್ದರು.

“ನನ್ನ ಮೊಣಕಾಲಿನ ಕಥೆ ಲೋಲಾಕ್ಷಿ ಹೇಳಿರ್ಬೇಕಲ್ಲ?” ಎಂದರು.

“ಕುರ್ಚಿ ತಂದಿದ್ದೇನೆ” ಎಂದೆ.

ಅವರು ನನ್ನನ್ನೂ ಕುರ್ಚಿಯನ್ನೂ ನೋಡಿ, ಸೆರಗು ಸಿಕ್ಕಿಸಿ ಹತ್ತತೊಡಗಿದರು. ಪ್ರತಿ ಮಹಡಿಯಲ್ಲೂ ನಾನು ಕುರ್ಚಿ ಹಾಕುವುದು, ಅವರು ಕೂರುವುದು. ಕರೆಂಟಿಲ್ಲದ ಭಾನುವಾರವಾದ್ದರಿಂದ ಎಲ್ಲ ಮನೆಗಳ ಬಾಗಿಲೂ ತೆರೆದಿದ್ದವು, ಎಲ್ಲರೂ ಗಾಳಿಗೆಂದು ಮೆಟ್ಟಿಲ ಬಳಿಯೇ ಕುಳಿತಿದ್ದರು. ಮೂರನೇ ಮಹಡಿಯ ಮರಾಠಿ ಕಾಕು ನಿಂಬೆ ಶರಬತ್ತು ಕೊಟ್ಟು ಪಕ್ಕದಲ್ಲೇ ಕುಳಿತರು. ಐದನೇ ಮಹಡಿಯ ಗುಜರಾತಿ ಬೆಹೆನ್ ಖಾಖ್ರಾ ಎಂಬ ತೆಳು ಒಣರೊಟ್ಟಿ ತಂದು, ತಾಯಿ ಮಗನ ಜೊತೆ ನನಗೆ ಕೇಳಿಸದಂತೆ ಏನೋ ಪಿಸುಗುಟ್ಟಿದರು. ಏಳರಲ್ಲಿ ಮಜ್ಜಿಗೆ. ಗಂಡಿನ ಕಡೆಯವರು ಹೆಣ್ಣಿನ ಮನೆಯ ಬಗ್ಗೆ ಗುಟ್ಟಾಗಿ ನಾಲ್ಕು ಕಡೆ ವಿಚಾರಿಸುವುದು ನಮ್ಮಲ್ಲಿ ಪದ್ಧತಿ. ಜಯಲತಾ ಅದನ್ನು ಮಹಡಿ ಮಹಡಿಗೆ ಕುಳಿತು, ಶರಬತ್ತು ಕುಡಿಯುತ್ತ, ನಾನು ಪಕ್ಕದಲ್ಲಿ ಕುರ್ಚಿ ಹಿಡಿದು ನಿಂತಿರುವಾಗಲೇ ಮಾಡಿ ಮುಗಿಸಿದರು. ವಿನೋದಾಳ ಸ್ವರ ಎಲ್ಲಿಯವರೆಗೆ ಕೇಳಿಸುತ್ತದೆ ಎಂಬುದರಿಂದ ಹಿಡಿದು ನಾನು ಕಸದ ಬುಟ್ಟಿಯನ್ನು ಲುಂಗಿಯಲ್ಲೇ ಹೊರಗಿಡುತ್ತೇನೆ ಎಂಬಲ್ಲಿಯವರೆಗೆ ಎಲ್ಲ ವರದಿಯಾಯಿತು. ದಯಾನಂದರು ಮಾತಿಗೆ ಕಿವಿಗೊಡದೆ ಖಾಖ್ರಾ ಮುಗಿಸಿದರು. ನನಗೆ ನಾಚಿಕೆಗಿಂತ ನಗುವೇ ಹೆಚ್ಚಾಗಿ ಬರುತ್ತಿತ್ತು.

ಮನೆ ಸೇರಿದಾಗ ಜಯಲತಾ ಸೋಫಾದ ಮೇಲೆ ಕುಸಿದು ಕುಳಿತರು. “ಇನ್ನು ಲಿಫ್ಟ್ ಬಾರದೆ ನಾನು ಇಳಿಯುವವಳಲ್ಲ” ಎಂದು ಘೋಷಿಸಿದರು. ಸಂಬಂಧ ಒಪ್ಪಿಗೆಯಾಗಲಿ ಬಿಡಲಿ, ನೆಂಟರು ಎಲ್ಲಿಗೂ ಹೋಗುವ ಹಾಗಿರಲಿಲ್ಲ. ವಿನೋದಾ ಗೋಳಿಬಜೆ, ಶೀರಾ, ಚಕ್ಕುಲಿ ತಂದಿಟ್ಟಳು. ನಾನು ಹಳೆಯ ಕ್ಯಾಲೆಂಡರಿನಿಂದ ಎಲ್ಲರಿಗೂ ಗಾಳಿ ಹಾಕಿದೆ.

“ಈ ಕರೆಂಟಿನವರನ್ನು ಅವರದೇ ಕಂಬಕ್ಕೆ ಕಟ್ಟಿ ಬಿಸಿಲಲ್ಲಿ ನಿಲ್ಲಿಸ್ಬೇಕು” ಎಂದರು ಜಯಲತಾ, ಬೆವರು ಒರೆಸುತ್ತ.

“ಹೌದೌದು” ಎಂದಳು ವಿನೋದಾ. “ಹೇಳುವವರು ಕೇಳುವವರು ಇಲ್ಲದ ಜನ! ಮನೆಯಲ್ಲಿ ತಂದೆತಾಯಿ ಎಂತ ಕಲಿಸಿದ್ದಾರೋ!”

ನಾನು ನಿಂತುಹೋದ ಫ್ಯಾನನ್ನು ನೋಡಿದೆ.

“ಹುಡುಗಿ ಎಲ್ಲಿ ಕಾಣ್ಲಿಲ್ಲ?” ಎಂದು ಜಯಲತಾ ಕೇಳಿದರು.

“ಬ್ಯೂಟಿ ಪಾರ್ಲರಿಗೆ ಹೋಗಿದ್ದಾಳೆ, ಈಗ ಬರ್ತಾಳೆ” ಎಂದಳು ವಿನೋದಾ, ಕಣ್ಣು ಮಿಟುಕಿಸದೆ. ಜಯಲತಾ ಒಂದು ಗೋಳಿಬಜೆ ಬಾಯಿಗೆ ಹಾಕಿಕೊಂಡು, “ಓಹೋ” ಎಂದಷ್ಟೇ ಅಂದರು.

ವಿನೋದಾ ಅಡುಗೆಮನೆಗೆ ಹೋಗಿ, ನನ್ನನ್ನೂ ಎಳೆದುಕೊಂಡು ಬಾಗಿಲು ಅರೆ ಮುಚ್ಚಿದಳು. ಕರೆಂಟು ಬಿಡುವ ಸಬ್‌ಸ್ಟೇಶನ್ನಿನ ಹಳೆಯ ಲ್ಯಾಂಡ್‌ಲೈನಿನ ನಂಬರ್ ಅವಳ ಬಳಿ ಇತ್ತು. ಅಲ್ಲಿ ಸ್ವಿಚ್ಚಿನ ಮುಂದೆ ಕೂರುವ ಆಪರೇಟರ್ ವಿಜಯಪುರ ಕಡೆಯ ಸಿದ್ರಾಮ, ಶ್ರದ್ಧಾ ಫೋನು ಎತ್ತದಿದ್ದಾಗ ಮನೆಗೆ ಫೋನು ಮಾಡುತ್ತಿದ್ದ. ಕನ್ನಡದವನು ಎಂದು ಇವಳಿಗೆ ಅವನ ಮೇಲೆ ಪ್ರೀತಿ.

“ಸಿದ್ರಾಮಣ್ಣಾ, ನಾನು ಶ್ರದ್ಧಾಳ ಅಮ್ಮ. ಮನೆಗೆ ನೆಂಟರು ಬಂದಿದ್ದಾರೆ. ಒಂದು ಐದು ನಿಮಿಷಕ್ಕೆ ಕರೆಂಟು ಬಿಡಿ ಮಾರಾಯ್ರೆ, ಅವರು ಲಿಫ್ಟಲ್ಲಿ ಒಮ್ಮೆ ಇಳಿದು ಹತ್ತಿ ಖುಷಿ ಪಡ್ಲಿ. ಮತ್ತೆ ಬೇಕಾದ್ರೆ ತೆಗೀರಿ.”

“ಹಂಗ ಬರಂಗಿಲ್ರಿ ಅಕ್ಕಾರ” ಎಂದ ಸಿದ್ರಾಮ. ಕಿವಿ ಸ್ವಲ್ಪ ಮಂದವಾದ್ದರಿಂದ ವಿನೋದಾ ಯಾವಾಗಲೂ ಫೋನಿನ ಸ್ಪೀಕರ್ ಹಾಕಿಯೇ ಮಾತಾಡುವುದು, ನನಗೂ ಎಲ್ಲ ಕೇಳಿಸುತ್ತಿತ್ತು. “ಲೈನ್ ಯಾರು ತಗೊಂಡಾರೋ ಅವರ ವಾಪಸ್ ಕೊಡಬೇಕ್ರಿ. ‘ನನ್ನ ಮಂದಿ ಎಲ್ಲಾ ಕೆಳಗ ಇಳದಾರ, ಲೈನ್ ವಾಪಸ್ ತಗೋ’ ಅಂತ ಮೇಡಂ ತಮ್ಮ ಬಾಯಿಲೆ ಹೇಳೂತನಕ, ರಾಷ್ಟ್ರಪತಿ ಬಂದ್ ಕುಂತ್ರೂ ನಾ ಸ್ವಿಚ್ ಮುಟ್ಟಂಗಿಲ್ರಿ.”

“ತಮ್ಮ ಬಾಯಿಂದಲೇ ಹೇಳ್ಬೇಕಾ?”

“ಹೌದ್ರಿ. ಮೇಡಂ ಬಾಯಿಲೆನ.”

ವಿನೋದಾ ಫೋನು ಇಟ್ಟು, ಸೌಟು ಹಿಡಿದುಕೊಂಡು ಏನೋ ಆಲೋಚಿಸತೊಡಗಿದಳು. ಅವಳ ಆಲೋಚನೆಗೆ ಅಡ್ಡ ನಿಲ್ಲುವ ಧೈರ್ಯ ನನಗೆ ಎಂದೂ ಇದ್ದದ್ದಿಲ್ಲ. ನಾನು ಹಾಲ್‌ಗೆ ಬಂದೆ.

ವಿಕಾಸ್ ಎದ್ದು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ, “ಅಂಕಲ್, ಶ್ರದ್ಧಾ ಆ ಗುಡ್ಡದ ಮೇಲೆ ಇರೋದಲ್ವಾ? ಐದನೇ ಮಹಡಿಯವರು ಹೇಳಿದ್ರು.”

ಹುಡುಗ ಕೋಪದಲ್ಲಿರಲಿಲ್ಲ. ಕಣ್ಣಿನಲ್ಲಿ ಕುತೂಹಲವಿತ್ತು. ನನಗೆ ಆ ಕ್ಷಣವೇ ಅವನು ಮೆಚ್ಚಿಗೆಯಾದ. ಗೋಡೆಯ ಮೊಳೆಯಿಂದ ದುರ್ಬೀನು ತೆಗೆದು ಕೊರಳಿಗೆ ಹಾಕಿಕೊಂಡು, ಅವನನ್ನು ಬಾಲ್ಕನಿಗೆ ಕರೆದುಕೊಂಡು ಹೋದೆ.

“ನೋಡು. ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರ ಇವತ್ತು ಹೀಗೆ” ಎಂದು ದುರ್ಬೀನು ಕೊಟ್ಟೆ.

ಅವನು ಗುಡ್ಡವನ್ನೆಲ್ಲ ಹುಡುಕಿದ. “ಹಳದಿ ಹೆಲ್ಮೆಟ್ಟಾ?”

“ಅದರ ಕೆಳಗೆ ನನ್ನ ಮಗಳು.”

ಹುಡುಗ ದುರ್ಬೀನು ಕೆಳಗಿಳಿಸಲೇ ಇಲ್ಲ. ಕ್ರಿಕೆಟ್ ಕಾಮೆಂಟರಿಯಂತೆ ನನಗೆ ಹೇಳತೊಡಗಿದ. “ಯಾರಿಗೋ ಬೈತಿದ್ದಾರೆ ಅಂಕಲ್. ಕೈ ನೋಡಿದ್ರೆ ಜೋರಾಗೇ ಬೈತಿದ್ದಾರೆ. ಅವನ ಬೆಲ್ಟ್ ಸರಿ ಇಲ್ಲ ಅನ್ಸುತ್ತೆ, ಬಿಚ್ಚಿ ಮತ್ತೆ ಕಟ್ಟಿಸಿದ್ರು. ಈಗ ನೀರಿನ ಬಾಟಲಿ ಬಂತು. ಎಲ್ಲರಿಗೂ ಕೊಟ್ರು. ಅಯ್ಯೋ, ಅವರಿಗೇ ಉಳೀಲಿಲ್ಲ.” ದುರ್ಬೀನಿನಿಂದ ಕಣ್ಣು ತೆಗೆಯದೆ, “ಸ್ವಲ್ಪ ಜೋರಿದ್ದಾರೆ ಅಲ್ವಾ?” ಎಂದ.

“ತಾಯಿಯ ಕಡೆಯಿಂದ ಬಂದದ್ದು” ಎಂದೆ. ಇಬ್ಬರೂ ನಕ್ಕೆವು. ನನಗೆ ಕುಣಿಯುವಷ್ಟು ಸಂತೋಷವಾಗಿತ್ತು.

ಅವನ ಕೈಯಿಂದ ದುರ್ಬೀನು ಕಿತ್ತುಕೊಂಡು ನಾನೂ ನೋಡಿದೆ. ಕಂಬದ ಮೇಲೆ ಇಬ್ಬರು ಸೊಂಟಕ್ಕೆ ಬೆಲ್ಟು ಕಟ್ಟಿ ಕುಳಿತು, ಬರಿಗೈಯಲ್ಲಿ ತಂತಿ ಹಿಡಿದು ಹೊಸ ಪಿಂಗಾಣಿಗೆ ಬಿಗಿಯುತ್ತಿದ್ದರು. ಕೆಳಗೆ ನನ್ನ ಮಗಳು ಕುತ್ತಿಗೆ ಮೇಲೆತ್ತಿ, ಒಂದು ಹಗ್ಗ ಹಿಡಿದು ನಿಂತಿದ್ದಳು. ಬಾಯಿ ಮುಚ್ಚಿತ್ತು. ತುಟಿ ಅಲುಗುತ್ತಿರಲಿಲ್ಲ.

ಆಗಲೇ ಅವಳ ಸ್ವರ ನನ್ನ ಬೆನ್ನ ಹಿಂದಿನಿಂದ, ಅಡುಗೆಮನೆಯಿಂದ, ಸ್ಪಷ್ಟವಾಗಿ ಕೇಳಿಸಿತು.

“ಹಲೋ ಸಿದ್ರಾಮಣ್ಣಾ, ನಾನು ಶ್ರದ್ಧಾ ಮಾತಾಡುವುದು. ನನ್ನ ಫೋನಿನ ಬ್ಯಾಟರಿ ಮುಗಿದಿದೆ, ಇದು ಬೇರೆಯವರ ಫೋನು. ನನ್ನ ಜನ ಎಲ್ಲ ಕೆಳಗೆ ಇಳಿದಾಯಿತು. ಲೈನ್ ವಾಪಸ್ ಕೊಟ್ಟಿದ್ದೇನೆ. ಕರೆಂಟು ಹಾಕಿಬಿಡಿ.”

ವಿಕಾಸ್ ನನ್ನ ಮುಖ ನೋಡಿದ. ಕಂಬದ ಮೇಲಿನ ಇಬ್ಬರು ಹಾಗೇ ತಂತಿ ಹಿಡಿದು ಕುಳಿತಿದ್ದರು. ನಾನೂ ವಿಕಾಸನೂ ಒಟ್ಟಿಗೆ ಅಡುಗೆಮನೆಯ ಬಾಗಿಲಿಗೆ ಓಡಿ, ಅಲ್ಲಿ ಒಬ್ಬರಿಗೊಬ್ಬರು ಸಿಕ್ಕಿಕೊಂಡೆವು.

ಸ್ಪೀಕರಿನಲ್ಲಿ ಸಿದ್ರಾಮ ಕೇಳಿದ, “ಅಕ್ಕಾರ, ನೀವು ಮೇಡಂ ಅವರ ತಾಯಿ ಅದೀರಿ, ಹೌದಲ್ರಿ?”

ವಿನೋದಾ ಹೌಹಾರಿದಳು. “ನಾನು ಶ್ರದ್ಧಾ!”

“ದನಿ ಹೌದ್ರಿ, ಖರೇನ ಅವರದ. ಆದ್ರ ಮೇಡಂ ನನ್ನ ಕೂಡ ಒಂದ ದಿನಾನೂ ಕನ್ನಡ ಮಾತಾಡಿಲ್ರಿ. ನಾ ಕನ್ನಡದಾಗ ಕೇಳ್ತೀನಿ, ಅವರು ಮರಾಠ್ಯಾಗ ‘ಸಿದ್ರಾಮ ಭಾವು’ ಅಂತಾರ. ಇಷ್ಟ ಚಂದ ಕನ್ನಡ ಕೇಳಿ ನನಗೂ ಸಂತೋಷ ಆತು ನೋಡ್ರಿ. ಆದ್ರ ಸ್ವಿಚ್ಚಿಗೆ ಕೈ ಹಚ್ಚಂಗಿಲ್ಲ. ಲೈನ್ ತಗೊಳ್ಳುವಾಗ ಕೊಟ್ಟ ಪರ್ಮಿಟ್ ನಂಬರ್ರೂ ನೀವು ಹೇಳಲಿಲ್ಲ.”

ತಮಾಷೆಯಾಗಿಯೇ ಶುರು ಮಾಡಿದವನ ದನಿ ಅಲ್ಲಿಂದ ಮುಂದೆ ಬದಲಾಯಿತು. “ಅಕ್ಕಾರ, ಸಿಟ್ಟ ಮಾಡ್ಕೋಬ್ಯಾಡ್ರಿ. ಗುಡ್ಡದ ಮ್ಯಾಲ ಏಳು ಮಂದಿ ಅದಾರ, ನಿಮ್ಮ ಮಗಳೂ ಸೇರಿ. ಇಬ್ಬರ ಕೈ ಈಗ ತಂತಿ ಮ್ಯಾಲೈತ್ರಿ. ನಿಮ್ಮ ಮಾತು ನಂಬಿ ನಾ ಸ್ವಿಚ್ ಹಾಕಿದ್ರ, ಏಳು ಮನಿ ಬಾಗಲಿಗೆ ನಾವು ಏನಂತ ಹೋಗಿ ನಿಂದ್ರಬೇಕಿತ್ರಿ? ಇದನ್ನ ನಾ ಮೇಡಂಗ ಹೇಳಬೇಕಾಗ್ತೈತಿ.”

“ನೀವು ಬೇಡ” ಎಂದಳು ವಿನೋದಾ, ತನ್ನದೇ ಸ್ವರದಲ್ಲಿ. “ನಾನೇ ಹೇಳ್ತೇನೆ ಅಣ್ಣಾ. ಇವತ್ತೇ ಹೇಳ್ತೇನೆ.”

ಫೋನು ಕಟ್ ಆಯಿತು. ವಿನೋದಾ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟಳು. ಲೈನು ವಾಪಸ್ ಕೊಡುವುದೆಂದರೆ ಆಫೀಸಿನ ಒಂದು ಶಾಸ್ತ್ರ, ಸಹಿ ಹಾಕಿದ ಹಾಗೆ, ಎಂದು ಅವಳು ತಿಳಿದಿದ್ದಳು. ಅದರ ಇನ್ನೊಂದು ತುದಿಯಲ್ಲಿ ಮಗಳು ನಿಂತಿದ್ದಾಳೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ನಾನು ಪಕ್ಕದಲ್ಲಿ ಕುಳಿತು ಅವಳ ಕೈ ಹಿಡಿದೆ.

ಅವಳು ಎದ್ದಳು. ಮುಖ ತೊಳೆಯಲಿಲ್ಲ, ಸೀರೆ ಸರಿ ಮಾಡಿಕೊಳ್ಳಲಿಲ್ಲ. ನೇರ ಹಾಲ್‌ಗೆ ಹೋಗಿ ಜಯಲತಾರ ಮುಂದೆ ನಿಂತಳು. ಸ್ಪೀಕರಿನ ಮಾತು ಅವರಿಗೂ ಕೇಳಿಸಿತ್ತೆಂದು ದಯಾನಂದರ ಬಾಯಿಯಲ್ಲೇ ನಿಂತುಹೋದ ಚಕ್ಕುಲಿ ಹೇಳುತ್ತಿತ್ತು.

“ನೀವು ಕೇಳಿದ್ದೀರಲ್ಲ, ನಾನೇ ಮಾಡಿದ್ದು” ಎಂದಳು. “ಬ್ಯೂಟಿ ಪಾರ್ಲರೂ ಸುಳ್ಳು, ಎಸಿ ಆಫೀಸೂ ಸುಳ್ಳು. ನನ್ನ ಮಗಳು ಬಿಸಿಲಲ್ಲಿ, ಗುಡ್ಡದಲ್ಲಿ, ಕಂಬದ ಬುಡದಲ್ಲಿ ಕೆಲಸ ಮಾಡುವುದು. ಈಗ ನನಗೆ ನಿಮ್ಮ ಹತ್ರ ಒಂದು ಕೇಳ್ಲಿಕ್ಕುಂಟು.”

“ವಿನೋದಾ, ಸಾಕು” ಎಂದೆ ನಾನು.

“ನೀವು ಸುಮ್ಮನಿರಿ. ಜಯಲತಕ್ಕಾ, ನಾಳೆ ಅವಳು ನಿಮ್ಮ ಮನೆಯ ಸೊಸೆ ಆದ್ಲು ಅಂತ ಇಟ್ಕೊಳ್ಳಿ. ಅವಳು ಲೈನ್ ತಗೊಂಡು ಹೋಗಿರ್ತಾಳೆ, ನಿಮ್ಮ ಮನೆಯಲ್ಲಿ ಹಬ್ಬ, ನೆಂಟರು, ಕತ್ತಲೆ. ಆಗ ನಿಮ್ಮಲ್ಲಿ ಯಾರಾದ್ರೂ ನಾನು ಮಾಡಿದ ಹಾಗೆ ಮಾಡಿದ್ರೆ? ಹೆತ್ತವಳೇ ಮಾಡಿದೆ ನಾನು! ಅವಳು ಇಳಿದು ಬರುವ ತನಕ ಕಾಯುವ ಮನೆಯಾದ್ರೆ ಮಾತ್ರ ನಾನು ಕೊಡುವುದು. ಇಲ್ಲದಿದ್ರೆ ಬೇಡ, ಅವಳು ನನ್ನ ಹತ್ರವೇ ಇರ್ಲಿ.”

ಈ ಸಂಬಂಧಕ್ಕಾಗಿ ಹರಕೆ ಹೊತ್ತವಳು, ಅದನ್ನು ತಾನೇ ಎತ್ತಿ ಬಾಗಿಲ ಹೊರಗೆ ಇಟ್ಟಿದ್ದಳು. ನನಗೆ ಹೆಂಡತಿಯ ಮೇಲೆ ಅಷ್ಟು ಪ್ರೀತಿ ಎಂದೂ ಉಕ್ಕಿರಲಿಲ್ಲ, ಅಷ್ಟು ಭಯವೂ ಆಗಿರಲಿಲ್ಲ. ಜಯಲತಾ ಕ್ಯಾಲೆಂಡರ್ ತೆಗೆದುಕೊಂಡು ತಾವೇ ಗಾಳಿ ಹಾಕಿಕೊಂಡರು. ವಿಕಾಸ್ ಏನೋ ಹೇಳಹೊರಟ, ತಾಯಿ ಕೈಯೆತ್ತಿ ಸುಮ್ಮನಿರಿಸಿದರು.

ಅಷ್ಟರಲ್ಲಿ ಗಾಳಿ ಎದ್ದಿತು. ಮೊದಲು ಬಾಲ್ಕನಿಯ ಹಗ್ಗದ ಮೇಲಿನ ನನ್ನ ಲುಂಗಿ ಹಾರಿತು. ಆಮೇಲೆ ಬಾಗಿಲುಗಳು ದಡಬಡ ಬಡಿದವು, ಗುಡ್ಡದ ಕಡೆಯಿಂದ ಧೂಳು ಬಂತು. ವಿಕಾಸ್ ದುರ್ಬೀನು ಹಿಡಿದು ಬಾಲ್ಕನಿಗೆ ಓಡಿದ. “ಮೇಲಿದ್ದವರು ಇಳಿದ್ರು! ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದಾರೆ, ಒಬ್ಬೊಬ್ಬರನ್ನೇ ಮುಟ್ಟಿ ಎಣಿಸ್ತಿದ್ದಾರೆ. ಫೋನ್ ಕಿವಿಗೆ ಇಟ್ಟರು!” ಎಂದು ಅಲ್ಲಿಂದಲೇ ಕೂಗಿದ.

ಇನ್ನೊಂದು ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಹಾಲ್‌ನ ಫ್ಯಾನು ತಿರುಗಿತು, ಟಿವಿ ತಾನಾಗಿ ಕಿರುಚಿತು, ಬೆಳಿಗ್ಗೆ ಆಫ್ ಮಾಡಲು ಮರೆತಿದ್ದ ಮಿಕ್ಸಿ ಅಡುಗೆಮನೆಯಲ್ಲಿ ಒಂದೇ ಸಮನೆ ಗರಗರ ತಿರುಗತೊಡಗಿತು. “ಲೈಟ್ ಆಲೀ!” ಎಂದು ಇಡೀ ಕಟ್ಟಡ ಬೊಬ್ಬೆ ಹೊಡೆಯಿತು. ಆದರೆ ನಮ್ಮ ಮನೆಯಲ್ಲಿ ಯಾರೂ ಫ್ಯಾನಿನ ಕೆಳಗೆ ನಿಲ್ಲಲಿಲ್ಲ. ಹೋದ ವರ್ಷ ಇಂಥದೇ ಗಾಳಿಗೆ ಗುಡ್ಡ ಹೊತ್ತಿಕೊಂಡದ್ದು ನೆನಪಾಗಿ ಎಲ್ಲರೂ ಬಾಲ್ಕನಿಗೆ ಮುಗಿಬಿದ್ದೆವು. ಮೊಣಕಾಲಿನ ಜಯಲತಾ ಎಲ್ಲರಿಗಿಂತ ಮುಂದಿದ್ದರು. ದುರ್ಬೀನನ್ನು ಮಗನ ಕೈಯಿಂದ ಕಿತ್ತುಕೊಂಡರು.

“ಎಂತ ಕಾಣ್ತದೆ?” ವಿನೋದಾ ಕೇಳಿದಳು.

“ತಂತಿ ಜೋಕಾಲಿ ಆಡ್ತಾ ಉಂಟು. ಎಲ್ಲ ಒಟ್ಟಿಗೇ ಆ ಕಡೆ, ಒಟ್ಟಿಗೇ ಈ ಕಡೆ.”

“ತಾಗ್ತದಾ?”

“ಇಲ್ಲ.”

“ಕಿಡಿ?”

“ಎಂತದೂ ಇಲ್ಲ.”

“ಈಗ?”

“ಈಗಲೂ ಎಂತದೂ ಇಲ್ಲ ಮಾರಾಯ್ತಿ!”

ದಯಾನಂದರು ಚಪ್ಪಾಳೆ ಹೊಡೆದರು. ನಾವೆಲ್ಲರೂ ಹೊಡೆದೆವು. ಕೆಳಗಿನ ಬಾಲ್ಕನಿಗಳವರೂ ಗುಡ್ಡ ನೋಡುತ್ತಿದ್ದರೆಂದು ಕಾಣುತ್ತದೆ, ಅಲ್ಲಿಂದಲೂ ಚಪ್ಪಾಳೆ ಕೇಳಿಸಿತು. ಏನೂ ಆಗದಿದ್ದದ್ದಕ್ಕೆ ಇಷ್ಟು ಜನ ಸಂಭ್ರಮಪಟ್ಟದ್ದನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ.

ಹೊರಗೆ ಲಿಫ್ಟು ಬಂದು ನಿಂತ ಸದ್ದು ಕೇಳಿಸಿತು. ನೆಂಟರು ಈಗ ಹೋಗಬಹುದಿತ್ತು. ಅವರು ಮಾತಿಲ್ಲದೆ ಎದ್ದು ಹೋದರೂ ನಾನು ದೂರುವ ಹಾಗಿರಲಿಲ್ಲ. ವಿನೋದಾ ಗೋಡೆಗೆ ಒರಗಿ ನಿಂತಿದ್ದಳು.

ಆಗ ಶ್ರದ್ಧಾಳ ಫೋನು ಬಂತು. ಪಾಪ, ಅವಳಿಗೆ ಏನೂ ಗೊತ್ತಿಲ್ಲ. ತನ್ನ ಜನ ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಮನೆಗೇ ಕರೆದುಕೊಂಡು ಬರಲೇ, ತಿನ್ನಲು ಏನಾದರೂ ಉಂಟೇ ಎಂದು ಅವಳ ಮರಾಠಿಯಲ್ಲಿ ಕೇಳಿದಳು. “ಬನ್ನಿ, ಎಲ್ಲರೂ ಬನ್ನಿ” ಎಂದಳು ವಿನೋದಾ. ಫೋನಿಟ್ಟು ಮೇಜು ನೋಡಿದಳು. ಗೋಳಿಬಜೆಯ ಪಾತ್ರೆಯಲ್ಲಿ ಎಣ್ಣೆಯ ಗುರುತು ಮಾತ್ರ ಇತ್ತು. ದಯಾನಂದರು ಕಿಟಕಿಯ ಕಡೆಗೆ ತಿರುಗಿ ಖಾಡಿ ನೋಡತೊಡಗಿದರು.

“ಅಕ್ಕಿ ನೆನೆಸಿದ್ದು ಉಂಟಾ?” ಎಂದು ಕೇಳಿದರು ಜಯಲತಾ.

“ನಾಳೆ ನೀರ್ದೋಸೆಗೆ ಅಂತ ನೆನೆಹಾಕಿದ್ದುಂಟು.”

“ಕಾಯಿ ಉಂಟಲ್ಲ? ಕಾವಲಿ ಎರಡಿದ್ರೆ ಎರಡೂ ಇಡಿ” ಎಂದು ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಯಾರನ್ನೂ ಕೇಳದೆ ಅಡುಗೆಮನೆಗೆ ನಡೆದರು. ವಿನೋದಾ ಅವರ ಹಿಂದೆ ಓಡಿದಳು. ನಾನೂ ಓಡಿದೆ, ತೆಂಗಿನಕಾಯಿ ಒಡೆಯುವ ನೆಪದಲ್ಲಿ.

“ನಾನು ಕೇಳಿದ್ದಕ್ಕೆ ನೀವು ಎಂತದೂ ಹೇಳ್ಲಿಲ್ಲ” ಎಂದಳು ವಿನೋದಾ. ಅವಳ ಹಟ ಹಾಗೆ.

ಜಯಲತಾ ಅಕ್ಕಿಯ ನೀರು ಬಸಿಯುತ್ತಿದ್ದರು. “ಹುಡುಗಿ ಗುಡ್ಡದ ಮೇಲಿದ್ದಾಳೆ ಅಂತ ನನಗೆ ಐದನೇ ಮಹಡಿಯಲ್ಲೇ ಗೊತ್ತಿತ್ತು. ಹೋದ ವರ್ಷ ಬೆಂಕಿ ಬಿದ್ದಾಗ ಆ ಝೋಪಡಿಯವರನ್ನು ಇದೇ ಹುಡುಗಿ ಈ ಬಿಲ್ಡಿಂಗಿನ ಕೆಳಗೆ ತಂದು ಮಲಗಿಸಿದ್ಲಂತೆ. ಅದು ಕೇಳಿದ ಮೇಲೆ ಉಳಿದ ಆರು ಮಹಡಿ ಹತ್ತಿದ್ದು ನಾನು, ಇಲ್ಲದಿದ್ರೆ ಅಲ್ಲಿಂದಲೇ ಇಳೀತಿದ್ದೆ. ಬ್ಯೂಟಿ ಪಾರ್ಲರಂತೆ!” ಎಂದು ನಕ್ಕರು. ಆಮೇಲೆ ಕೈ ಒರೆಸಿಕೊಂಡು ವಿನೋದಾಳ ಮುಖ ನೋಡಿದರು. “ನಮ್ಮ ಡೊಂಬಿವಲಿಯ ಬಿಲ್ಡಿಂಗಿಗೆ ಲಿಫ್ಟೇ ಇಲ್ಲ ವಿನೋದಕ್ಕಾ. ಕರೆಂಟು ಹೋದ್ರೆ ಮೇಣದಬತ್ತಿ ಹಚ್ಚಿ ಕೂತ್ಕೊಳ್ತೇನೆ. ಅವಳು ನಿಧಾನ ಇಳಿದು ಬರ್ಲಿ.”

ವಿನೋದಾ ಮಿಕ್ಸಿಗೆ ಕಾಯಿ ಹಾಕಿ ಗುಂಡಿ ಒತ್ತಿದಳು. ಆ ಸದ್ದಿನಲ್ಲಿ ಅತ್ತರೆ ಯಾರಿಗೂ ಕೇಳಿಸುವುದಿಲ್ಲ.

ಗಂಟೆ ಹೊಡೆದಾಗ ಅವಳೇ ಹೋಗಿ ಬಾಗಿಲು ತೆರೆದಳು. ಶ್ರದ್ಧಾ ಮುಂದೆ ನಿಂತಿದ್ದಳು. ಮುಖದ ತುಂಬ ಧೂಳು, ಕೂದಲಲ್ಲಿ ಹುಲ್ಲುಕಡ್ಡಿ, ಕಂಕುಳಲ್ಲಿ ಹೆಲ್ಮೆಟ್ಟು. ಹಿಂದೆ ಅವಳ ಜನ ಸಂಕೋಚದಿಂದ ಚಪ್ಪಲಿ ಬಿಚ್ಚುತ್ತಿದ್ದರು. ಒಳಗೆ ವಿಕಾಸ್ ಕೊರಳಿನಲ್ಲಿ ದುರ್ಬೀನು ನೇತಾಡುತ್ತಿದ್ದುದನ್ನು ಮರೆತು ಎದ್ದು ನಿಂತ.

“ಕಾಯ್ ಝಾಲಂ, ಆಯಿ?” ಏನಾಯಿತಮ್ಮ ಎಂದು ಶ್ರದ್ಧಾ ಕೇಳಿದಳು, ತಾಯಿಯ ಮುಖ ನೋಡಿ.

ವಿನೋದಾ ಬಾಗಿಲಿಗೆ ಅಡ್ಡ ಕೈ ಇಟ್ಟು, ಒಬ್ಬೊಬ್ಬರ ಭುಜ ಮುಟ್ಟಿ ಒಳಗೆ ಬಿಟ್ಟಳು. ಮೊದಲು ಮಗಳನ್ನು, ಆಮೇಲೆ ಉಳಿದವರನ್ನು. ಕೊನೆಯವನು ಒಳಗೆ ಬಂದ ಮೇಲೆ ಹೊರಗೆ ಇಣುಕಿ ನೋಡಿದಳು. ತಿರುಗಿ ಬಂದು ಕುಳಿತವರನ್ನು ಇನ್ನೊಮ್ಮೆ ಎಣಿಸಿದಳು.

ಅಡುಗೆಮನೆಯಿಂದ ಕಾವಲಿಯ ಚುಂಯ್ ಸದ್ದಿನ ಮೇಲೆ ಜಯಲತಾ ಕೂಗಿದರು, “ಎಷ್ಟು ಜನ ಆಯ್ತು ವಿನೋದಕ್ಕಾ?”

“ಏಳು” ಎಂದಳು ವಿನೋದಾ. “ಏಳೂ ಜನ ಬಂದ್ರು.”